ಕಾಗೆ ಕಾಲು, ಗುಬ್ಬಿ ಕಾಲು

ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೊರಟವರಿಗೆ ಕೊಟ್ಟಿಗೆಹಾರಕ್ಕೆ ಮುಂಚೆ ಸಿಕ್ಕುವ ಊರು ಬಣಕಲ್. ಕೊಟ್ಟಿಗೆಹಾರದ ನೀರುದೋಸೆಯ ಮೇಲೆ ಮನಸ್ಸಿಟ್ಟ ಪ್ರಯಾಣಿಕರು ಬಣಕಲ್ಲನ್ನು ಗಮನಿಸದೆಯೇ ದಾಟಿಹೋಗುವುದುಂಟು. ಕಳೆದ ಮಳೆಗಾಲದಲ್ಲಿ ನಾನು ಅಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ನಾಲ್ಕು ದಿನ ಉಳಿಯಬೇಕಾಯಿತು. ಪುನರ್ವಸು ಮಳೆ ಹಿಡಿದಿತ್ತು. ಹೊರಗೆ ಕಾಲಿಡುವಂತಿರಲಿಲ್ಲ, ಕರೆಂಟು ಬಂದು ಬಂದು ಹೋಗುತ್ತಿತ್ತು, ಒಳಗೆ ಕಾಫಿ, ಹಲಸಿನ ಹಪ್ಪಳ, ಮತ್ತು ಮಾತು. ಆ ಮಾತಿನ ನಡುವೆ ಒಂದು ಪುಟ್ಟ ಜಗಳವೂ ಸೇರಿಕೊಂಡಿತು. ಈ ಲೇಖನಕ್ಕೆ ಆ ಜಗಳವೇ ಮೂಲ.

ಜಗಳ ಆ ಮನೆಯ ಹುಡುಗನನ್ನು ಕುರಿತದ್ದು. ಎಂಟನೆಯ ತರಗತಿ, ಕನ್ನಡ ಮಾಧ್ಯಮ. ಮಾತಿನಲ್ಲಿ ಚುರುಕು. ಅಂಗಡಿ ಗ್ರಾಮದ ವಾಸಂತಿಕಾ ದೇವಿಯ ಗುಡಿ, ಹುಲಿಯನ್ನು ಹೊಡೆದ ಸಳನ ಕಥೆ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿದ. ಅದೇ ವಿಷಯವನ್ನು ಪರೀಕ್ಷೆಯಲ್ಲಿ ಬರೆದ ಪುಟವನ್ನು ಅವನ ತಂದೆ ನನ್ನ ಮುಂದಿಟ್ಟರು. ಮೂರೂವರೆ ಸಾಲು. ಅಕ್ಷರಗಳು ಗೆರೆಯ ಮೇಲೆ ಹತ್ತಿ ಇಳಿದಿದ್ದವು; ಒತ್ತಕ್ಷರಗಳು ಕೆಳಗಿನ ಸಾಲಿಗೆ ಜಾರಿ ಅಲ್ಲಿಯ ತಲೆಕಟ್ಟಿನಲ್ಲಿ ಸಿಕ್ಕಿಕೊಂಡಿದ್ದವು; ಪೆನ್ನು ಊರಿ ಊರಿ ಕಾಗದ ಅಲ್ಲಲ್ಲಿ ಹರಿದಿತ್ತು. ನಮ್ಮ ಕಡೆ ಇಂಥ ಬರವಣಿಗೆಗೆ 'ಕಾಗೆ ಕಾಲು, ಗುಬ್ಬಿ ಕಾಲು' ಎನ್ನುತ್ತೇವೆ. ಪುಟದಂಚಿನಲ್ಲಿ ಕೆಂಪು ಶಾಯಿ: 'ಅಕ್ಷರ ದುಂಡಗಾಗಬೇಕು. ಹತ್ತು ಸಲ ಬರೆ.' ಹಿಂದಿನ ಪುಟದಲ್ಲೂ ಅದೇ. ಅದರ ಹಿಂದಿನದರಲ್ಲೂ ಅದೇ.

ವೈದ್ಯರಿಗೆ ತೋರಿಸಿದ್ದಾರೆ. ಕಣ್ಣು ಸರಿ, ಬುದ್ಧಿ ಸರಿ, ಕೈಯಲ್ಲಿ ಬಲವೂ ಉಂಟು. ಆದರೆ ಕೈ ಮತ್ತು ಮನಸ್ಸಿನ ನಡುವಿನ ಹೊಂದಾಣಿಕೆ ಬರವಣಿಗೆಯ ಹೊತ್ತಿಗೆ ತಪ್ಪುತ್ತದೆ, ಇದಕ್ಕೆ ಡಿಸ್ಗ್ರಾಫಿಯಾ ಎಂದು ಹೆಸರು ಎಂದು ಹೇಳಿದ್ದಾರೆ. ತಂದೆ ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡು ತಂದರು. ಹುಡುಗ ಆರು ತಿಂಗಳಲ್ಲಿ ಅದರಲ್ಲಿ ಕನ್ನಡ ಬೆರಳಚ್ಚು ಕಲಿತ. ಶಾಲೆ ಒಪ್ಪಲಿಲ್ಲ. ಒಬ್ಬನಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂಬುದು ಒಂದು ಆಕ್ಷೇಪ. ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದು: "ಕೈಯಲ್ಲಿ ಬರೆಯದವನಿಗೆ ವಿದ್ಯೆ ಬಂದಿತೆಂದು ಹೇಗೆ ಒಪ್ಪುವುದು? ನಮ್ಮ ಹಿರಿಯರು ಒಪ್ಪುತ್ತಿದ್ದರೇ?"

ಹಳೆಯ ಕಾಗದಪತ್ರಗಳಲ್ಲಿ ನನಗೆ ಒಂದಿಷ್ಟು ಆಸಕ್ತಿ ಇರುವುದು ಸ್ನೇಹಿತರಿಗೆ ಗೊತ್ತು. "ಹಿರಿಯರ ಮಾತು ಬಂತಲ್ಲ, ನೀವೇ ಹೇಳಿ ಇವರೇ" ಎಂದು ನನ್ನ ಕಡೆ ತಿರುಗಿದರು. ಆಗ ಅಷ್ಟಿಷ್ಟು ಹೇಳಿದೆ. ಊರಿಗೆ ಬಂದ ಮೇಲೆ ಪುಸ್ತಕಗಳನ್ನು ತೆರೆದು ಕೂತಾಗ ಹಿರಿಯರ ಕಡೆಯಿಂದ ಎರಡು ಬಗೆಯ ಉತ್ತರ ಬಂದಿತು.

ಮೊದಲನೆಯದು ಶಾಲೆಯ ಪರವಾದ ಉತ್ತರ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿ ದೇಶೀ ಶಾಲೆಗಳು ಎಷ್ಟಿವೆ, ಏನು ಕಲಿಸುತ್ತವೆ ಎಂದು ಕಲೆಕ್ಟರುಗಳನ್ನು ಕೇಳಿದ. ಬಂದ ಉತ್ತರಗಳಲ್ಲಿ ಬಹಳ ಸ್ವಾರಸ್ಯವಾದದ್ದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದದ್ದು. ಅವನ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು. ಬಳ್ಳಾರಿಗೂ ಬಣಕಲ್ಲಿಗೂ ದೂರವೇನೋ ನಿಜ. ಆದರೆ ಕೂಲಿಮಠದ ಐಗಳು, ಅವರ ಬೆತ್ತ, ಅವರ ಪಾಠಕ್ರಮ ಕನ್ನಡ ಸೀಮೆಯಲ್ಲಿ ಬಹಳ ಮಟ್ಟಿಗೆ ಒಂದೇ. ಕ್ಯಾಂಬೆಲನಿಗೆ ವಿಚಿತ್ರವಾಗಿ ಕಂಡದ್ದು ಇದು: ಯೂರೋಪಿನ ಮಕ್ಕಳು ಅಕ್ಷರವನ್ನು ಉಚ್ಚರಿಸಿ ಕಲಿಯುತ್ತಾರೆ, ಇಲ್ಲಿಯ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿ ಕಲಿಯುತ್ತಾರೆ. ಎಂದರೆ ನಮ್ಮಲ್ಲಿ ಅಕ್ಷರ ಹೊಕ್ಕುತ್ತಿದ್ದದ್ದು ಬೆರಳಿನ ಮೂಲಕ. ಅಕ್ಕಿಯ ತಟ್ಟೆಯಲ್ಲಿ ಓಂಕಾರ ತಿದ್ದಿಸುವ ಅಕ್ಷರಾಭ್ಯಾಸವನ್ನು ಇಂದಿಗೂ ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಿ ಕಾಣಬಹುದು.

ಆ ವರದಿಯಲ್ಲೇ ಇನ್ನೊಂದು ಚಿತ್ರವಿದೆ. ಬೆಳಿಗ್ಗೆ ಶಾಲೆಗೆ ಮೊದಲು ಬಂದವನ ಅಂಗೈಯ ಮೇಲೆ ಐಗಳು 'ಸರಸ್ವತಿ' ಎಂದು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆತ್ತಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುವುದು. ಸರಸ್ವತಿಯೂ ಬೆತ್ತವೂ ಇಳಿಯುತ್ತಿದ್ದದ್ದು ಒಂದೇ ಅಂಗೈಗೆ! ಅಕ್ಷರ ತಪ್ಪಿದರೆ ಕೈಗೇ ಶಿಕ್ಷೆ ಎಂಬ ನಮ್ಮ ಪದ್ಧತಿ ಎಷ್ಟು ಹಳೆಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮರಳಿನ ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಇದಕ್ಕೆ ಮೂವತ್ತು ವರ್ಷ ಮುಂಚೆ, ಮದರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ದೇಶೀ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ಜಾರಿಗೆ ತಂದ. ಮುಂದಾದ ಹುಡುಗರು ಹಿಂದಾದವರಿಗೆ ಕಲಿಸುವ ಕ್ರಮವನ್ನೂ ಅಲ್ಲೇ ರೂಢಿಸಿದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿ ಇದನ್ನು ಪ್ರಚಾರ ಮಾಡಿದ. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಿಗೆ ಮರಳಿನ ಹಲಗೆ ಹೋದದ್ದು ಹೀಗೆ. ಅಲ್ಲಿಂದ ಕೆಲವು ಕಾಲದ ಮೇಲೆ ನಮಗೆ ಸ್ಲೇಟು ಬಂದಿತು. ಕೊಟ್ಟು ತೆಗೆದುಕೊಂಡ ಲೆಕ್ಕದಲ್ಲಿ ನಾವೇನೂ ಸಾಲಗಾರರಲ್ಲ.

ಮರಳಿನಿಂದ ಮೇಲಕ್ಕೇರಿದ ಹುಡುಗನಿಗೆ ಹಲಗೆ ಇಲ್ಲವೇ ಕಡತ. ಒಂದು ಅಡಿ ಅಗಲ, ಮೂರು ಅಡಿ ಉದ್ದದ ಹಲಗೆಗೆ ಅನ್ನವನ್ನೂ ಇದ್ದಲ ಪುಡಿಯನ್ನೂ ಬಳಿದರೆ ಬರೆಯಲು ಸಿದ್ಧ ಎಂದು ಕ್ಯಾಂಬೆಲ್ ಹೇಳುತ್ತಾನೆ. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಇದ್ದಲು ಅಂಟುಗಳನ್ನು ಲೇಪಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದ ಬಟ್ಟೆ. ಹುಣಿಸೆ ಬೀಜದ ಸರಿ ಬಳಿಯುವುದೂ ಉಂಟು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಇತಿಹಾಸದಲ್ಲಿ ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಕಡತಗಳನ್ನು ವರ್ಣಿಸಿದ್ದಾನೆ. ವರ್ತಕರ ಲೆಕ್ಕ, ಶಾನುಭೋಗರ ದಾಖಲೆ ಎಲ್ಲಕ್ಕೂ ಅದೇ. ನಮ್ಮ ಜಿಲ್ಲೆಯ ಶೃಂಗೇರಿ ಮಠದಲ್ಲಿ ಅಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಬರೆಯುವ ಸಾಧನ ಬಳಪ. ಬೇಲೂರು ಹಳೇಬೀಡುಗಳ ಶಿಲ್ಪಗಳು ಮೂಡಿದ್ದೂ ಬಳಪದ ಕಲ್ಲಿನ ಜಾತಿಯಲ್ಲೇ. ಒದ್ದೆ ಬಟ್ಟೆಯಿಂದ ಒರಸಿದರೆ ಬರೆದದ್ದು ಮಾಯ.

ಈ ಒರಸುವ ಗುಣವನ್ನು ನಾವು ಸಾಕಷ್ಟು ಗಮನಿಸಿಲ್ಲ. ಮರಳು, ಹಲಗೆ, ಕಡತ, ಸ್ಲೇಟು ಎಲ್ಲವೂ ತಪ್ಪನ್ನು ಮರೆಯುವ ಸಾಧನಗಳು. ಮಗು ನೂರು ಸಲ ತಪ್ಪಿದರೂ ಸಂಜೆಯ ಹೊತ್ತಿಗೆ ಒಂದೂ ಉಳಿಯುವುದಿಲ್ಲ. ದೊಡ್ಡವರಿಗೂ ಅದು ಬೇಕಿತ್ತು. ತಾನು ಹಲಗೆ ಬಳಪ ಮುಟ್ಟದೆಯೇ ಕಾವ್ಯ ಹೇಳುತ್ತೇನೆ, ಒಮ್ಮೆ ಇಟ್ಟ ಪದವನ್ನು ಅಳಿಸುವುದಿಲ್ಲ ಎಂದು ಗದುಗಿನ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ಹೆಮ್ಮೆ ಪಟ್ಟುಕೊಂಡಿದ್ದಾನೆ. ಅದು ಹೆಮ್ಮೆಯ ಮಾತಾಯಿತೆಂದರೆ ಉಳಿದ ಕವಿಗಳು ಹಲಗೆಯ ಮೇಲೆ ಬರೆದು, ಅಳಿಸಿ, ತಿದ್ದುತ್ತಿದ್ದರೆಂದೇ ಅರ್ಥ. ತಪ್ಪು ಖಾಯಂ ಆಗಿ ನಿಂತದ್ದು ಕಾಗದವೂ ಶಾಯಿಯೂ ಮಗುವಿನ ಕೈಗೆ ಬಂದ ಮೇಲೆ. ಕೆಂಪು ಶಾಯಿಗೆ ಕೆಲಸ ಸಿಕ್ಕಿದ್ದೂ ಆಗಲೇ.

ಈಗ ಹಿರಿಯರ ಎರಡನೆಯ ಉತ್ತರ. ಇದು ಹುಡುಗನ ಪರವಾದದ್ದು. ವಿದ್ಯೆಯ ಆರಂಭ ಬೆರಳಿನಿಂದಲೇ ಆಗುತ್ತಿತ್ತು, ಸರಿ. ಆದರೆ ವಿದ್ಯೆಯ ಅಳತೆ ಬೆರಳಿನಿಂದ ಆಗುತ್ತಿರಲಿಲ್ಲ. ವೇದ ಕಲಿತವನ ಪರೀಕ್ಷೆ ಬಾಯಲ್ಲಿ. ಗಮಕಿಯ ಪರೀಕ್ಷೆ ಬಾಯಲ್ಲಿ. ಕೂಲಿಮಠದ ಮಗ್ಗಿಯೂ ಬಾಯಲ್ಲೇ. ರಚಿಸುವವನು ಬೇರೆ, ಬರೆಯುವವನು ಬೇರೆ ಎಂಬುದು ಆ ಕಾಲದಲ್ಲಿ ಎಲ್ಲರಿಗೂ ತಿಳಿದ ವ್ಯವಸ್ಥೆ. ವ್ಯಾಸರು ಹೇಳಿದರು, ಗಣಪತಿ ಬರೆದ ಎಂಬ ಕಥೆಯಲ್ಲಿ ವ್ಯಾಸರ ಅಕ್ಷರ ಹೇಗಿತ್ತೆಂದು ಯಾರೂ ಕೇಳಲಿಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳು. ತಾಳೆಗರಿಯ ಮೇಲೆ ಕಂಠ ಹಿಡಿದು ಕೊರೆದ ಆ ಕೈಗಳಲ್ಲಿ ಒಂದರ ಹೆಸರೂ ನಮಗೆ ಬೇಕಾಗಿಲ್ಲ. ನಮ್ಮ ಜಿಲ್ಲೆಯ ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಹಿರಿಯ ಶಾಸನದ ಪದ್ಯಗಳು ಕವಿ ಜನ್ನನವು. ರಚನೆ ಕವಿಯದು, ಕಲ್ಲಿನಲ್ಲಿ ಕಂಡರಿಸುವ ಕೆಲಸ ರೂವಾರಿಗಳದು. ಶಾಸನಗಳನ್ನು ಓದಿದವರಿಗೆ ಗೊತ್ತು: ಹೇಳಿದವನು, ಬರೆದವನು, ಕಂಡರಿಸಿದವನು ಎಂದು ಕೊನೆಯಲ್ಲಿ ಬೇರೆ ಬೇರೆ ಹೆಸರು ಬರುವುದುಂಟು. ಕದಂಬರ ತಾಳಗುಂದ ಶಾಸನದಲ್ಲಿ ಕವಿ ಕುಬ್ಜ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಹಾಗೆ ಹೇಳಿಕೊಳ್ಳಬೇಕೆನ್ನಿಸಿದ್ದು ಅದು ಅಪರೂಪವಾದದ್ದರಿಂದಲೇ ಇರಬೇಕು.

'ಲೇಖಕ' ಎಂಬ ಪದವನ್ನೇ ನೋಡಿ. ಹಿಂದೆ ಅದಕ್ಕೆ ಪ್ರತಿ ಮಾಡುವ ಗುಮಾಸ್ತೆ ಎಂದು ಅರ್ಥ. ಈಗ ಅದು ಗ್ರಂಥಕರ್ತನ ಬಿರುದು. ಇಂಗ್ಲಿಷಿನ 'ರೈಟರ್' ಕೂಡ ಹೀಗೆಯೇ. ಈಸ್ಟ್ ಇಂಡಿಯಾ ಕಂಪೆನಿಯ ರೈಟರುಗಳು ಕಾರಕೂನರು. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗಿಗೆ ಹೆಸರು ಬಂದದ್ದು ಅವರಿಂದ, ಕಾದಂಬರಿಕಾರರಿಂದಲ್ಲ. ಮಲೆನಾಡಿನ ಕಾಫಿ ಎಸ್ಟೇಟುಗಳಲ್ಲಿ 'ರೈಟರು' ಎಂದರೆ ಇಂದಿಗೂ ಚೆಕ್‌ರೋಲ್ ಬರೆಯುವ, ಆಳುಗಳ ಹಾಜರಿ ಇಡುವ ಗುಮಾಸ್ತೆ.

ರೈಟರ ಮಾತು ಬಂದಾಗ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಹುಡುಗನ ಅಜ್ಜ, ಹಿರಿಯ ಗೌಡರು, ಬಾಯಿ ಬಿಟ್ಟರು. ಅದುವರೆಗೆ ಅವರು ಜಗಳದಲ್ಲಿ ಯಾವ ಪಕ್ಷವನ್ನೂ ವಹಿಸಿರಲಿಲ್ಲ.

"ನನಗೂ ರೈಟರಾಗುವ ಆಸೆ ಇತ್ತು ಇವರೇ. ಇಪ್ಪತ್ತು ವರ್ಷದವನು. ಒಂದು ತೋಟದಲ್ಲಿ ಜಾಗ ಖಾಲಿ ಇತ್ತು. ಲೆಕ್ಕ ಕೇಳಿದರು, ಬಾಯಲ್ಲೇ ಹೇಳಿದೆ. ನಲವತ್ತು ಆಳು, ಯಾರು ಎಷ್ಟು ದಿನ, ಯಾರಿಗೆ ಎಷ್ಟು ಮುಂಗಡ, ಎಲ್ಲ. ಆಮೇಲೆ ಒಂದು ಕಾಗದ ಕೊಟ್ಟು ಬರೆ ಅಂದರು. ಬರೆದೆ. ನೋಡಿ ನಕ್ಕರು. ಮೇಸ್ತ್ರಿ ಕೆಲಸ ಕೊಟ್ಟರು."

ಅವರು ಅಷ್ಟಕ್ಕೇ ನಿಲ್ಲಿಸಿದರು. ಸ್ನೇಹಿತರಿಗೆ ತಮ್ಮ ತಂದೆಯ ಈ ಸಂಗತಿ ಅಂದಿನವರೆಗೆ ತಿಳಿದಿರಲಿಲ್ಲ. ಹಿರಿಯ ಗೌಡರು ಏಳನೆಯ ತರಗತಿಗೆ ಶಾಲೆ ಬಿಟ್ಟದ್ದು ಮನೆಯ ಬಡತನಕ್ಕೆಂದು ಎಲ್ಲರೂ ತಿಳಿದಿದ್ದರು. ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆಯ ಏಟು ತಿಂದು ಸಾಕಾಗಿ ಬಿಟ್ಟದ್ದೆಂದು ಅವರು ಆ ಸಂಜೆ ಹೇಳಿದರು. ಇಂಥ ತೊಡಕು ಒಂದೇ ವಂಶದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದುಂಟು ಎಂದು ಬಲ್ಲವರು ಹೇಳುತ್ತಾರೆ.

ರಚಿಸುವವನನ್ನೂ ಬರೆಯುವವನನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿದ್ದು ಹೊಸ ವಿದ್ಯಾಭ್ಯಾಸ. 1857ರಲ್ಲಿ ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಅವುಗಳ ಜೊತೆಗೆ ಲಿಖಿತ ಪರೀಕ್ಷೆ ಬಂದಿತು. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ತಂದ. ಬಣಕಲ್ಲಿನಂಥ ಹೋಬಳಿಗಳಿಗೂ ಸರ್ಕಾರದ ಶಾಲೆ ತಲುಪಬೇಕೆಂಬುದು ಅದರ ಆಶಯ. ಈ ರೈಸನೇ ನಾಡಿನ ಶಾಸನಗಳನ್ನು ಸಂಗ್ರಹಿಸಿದವನು. ಆಗಿನ ಕಡೂರು ಜಿಲ್ಲೆಯ, ಎಂದರೆ ಇಂದಿನ ಚಿಕ್ಕಮಗಳೂರಿನ, ಶಾಸನಗಳ ಸಂಪುಟವನ್ನು 1901ರಲ್ಲಿ ಪ್ರಕಟಿಸಿದ. ಒಂದು ಕೈಯಿಂದ ಹಳೆಯ ಬರಹಗಾರರ ಹೆಸರನ್ನು ಉಳಿಸಿದ. ಇನ್ನೊಂದು ಕೈಯಿಂದ ಹೊಸ ಬರಹಗಾರರ ಪೀಳಿಗೆಯನ್ನು ಹುಟ್ಟಿಸಿದ. ಲಿಖಿತ ಪರೀಕ್ಷೆಯಿಂದ ನ್ಯಾಯವೇ ಆಯಿತು, ಅದನ್ನು ಅಲ್ಲಗಳೆಯಬಾರದು. ದೂರದಲ್ಲಿ ಕೂತ ಪರೀಕ್ಷಕನಿಗೆ ಹುಡುಗನ ಜಾತಿ, ಬಟ್ಟೆ, ಮನೆತನ ಯಾವುದೂ ಕಾಣುವುದಿಲ್ಲ. ಆದರೆ ಅವನಿಗೆ ಹುಡುಗನ ಮಾತೂ ಕಣ್ಣೂ ಕಾಣುವುದಿಲ್ಲ. ಕಾಣುವುದು ಕೈ ಒಂದೇ. ಮೂರು ಗಂಟೆಯಲ್ಲಿ ಕೈ ಎಷ್ಟು ಓಡಿತೋ ಅಷ್ಟು ವಿದ್ಯೆ.

ನಮ್ಮ ಲಿಪಿಯೇನು ಸಾಮಾನ್ಯವಾದದ್ದೆ? ತಾಳೆಗರಿಯಲ್ಲಿ ನೇರ ಗೆರೆ ಎಳೆದರೆ ಗರಿ ಸೀಳುತ್ತದೆಂದು ದಕ್ಷಿಣದ ಲಿಪಿಗಳು ದುಂಡಗಾದವೆಂದು ವಿದ್ವಾಂಸರು ಹೇಳುತ್ತಾರೆ. ನೋಡಲು ಮುತ್ತಿನ ಸಾಲು. ಆದರೆ ಬರೆಯುವ ಕೈ ಪಡುವ ಪಾಡನ್ನು ಒಮ್ಮೆ ನಿಧಾನವಾಗಿ ಗಮನಿಸಿ. 'ಸ್ತ್ರೀ' ಎಂದು ಬರೆಯಬೇಕಾದರೆ ಕೈ ಮೊದಲು ಗೆರೆಯ ಮೇಲೆ ನಿಲ್ಲಬೇಕು, ಗುಡಿಸು ಹಾಕಲು ತಲೆಯ ಮೇಲೆ ಏರಬೇಕು, ತಾವೊತ್ತಿಗೆ ಕೆಳಗಿಳಿಯಬೇಕು, ರಾವೊತ್ತಿಗೆ ಇನ್ನೂ ಇಳಿಯಬೇಕು, ಮತ್ತೆ ಮೇಲೆ ಬಂದು ದೀರ್ಘ ಎಳೆಯಬೇಕು. 'ಸೂರ್ಯ' ಎನ್ನುವಾಗ ನಾಲಿಗೆಯ ಮೇಲೆ ರಕಾರ ಮೊದಲು. ಕಾಗದದ ಮೇಲೆ ಅರ್ಕಾವೊತ್ತು ಯಕಾರದ ಆಚೆಗೆ. 'ಪ'ಕ್ಕೂ 'ಷ'ಕ್ಕೂ ಹೊಟ್ಟೆಯೊಳಗೆ ಒಂದು ಗೆರೆಯ ವ್ಯತ್ಯಾಸ. 'ದ', 'ಧ'ಗಳಿಗೆ ಕೆಳಗೆ ಒಂದು ಸೀಳಿನದು. ಸರಾಗವಾಗಿ ಬರೆಯುವ ನಮಗೆ ಇದೊಂದೂ ಗೊತ್ತಾಗುವುದಿಲ್ಲ, ನಡೆಯುವವನಿಗೆ ತನ್ನ ಮೊಣಕಾಲು ಗೊತ್ತಾಗದ ಹಾಗೆ. ಬಣಕಲ್ಲಿನ ಹುಡುಗ ಪ್ರತಿ ಅಕ್ಷರವನ್ನೂ ಯೋಚಿಸಿ ಕಟ್ಟುತ್ತಾನೆ. ಒಂದು ಒತ್ತನ್ನು ಅದರ ಸ್ಥಾನದಲ್ಲಿ ಕೂರಿಸುವ ಹೊತ್ತಿಗೆ ಸಳನೂ ಹುಲಿಯೂ ತಲೆಯಿಂದ ಹೊರಟುಹೋಗಿರುತ್ತಾರೆ. ಮೂರೂವರೆ ಸಾಲಿನ ರಹಸ್ಯ ಅದು.

ಕೈ ಮುಷ್ಕರ ಹೂಡುವುದು ಹೊಸ ಕಾಯಿಲೆಯೂ ಅಲ್ಲ. ಇಟಲಿಯ ವೈದ್ಯ ರಾಮಾಜಿನಿ ಕಸುಬುದಾರರ ರೋಗಗಳನ್ನು ಕುರಿತ ತನ್ನ ಗ್ರಂಥಕ್ಕೆ 1713ರಲ್ಲಿ ಸೇರಿಸಿದ ಭಾಗದಲ್ಲಿ ಗುಮಾಸ್ತರ ಕೈನೋವಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಅವು ಬರೆದು ಬರೆದು ದಣಿದ ದೊಡ್ಡವರ ಕೈಗಳು. ಬರೆಯಲು ಕಲಿಯುವಾಗಲೇ ಎಡವುವ ಮಕ್ಕಳದು ಬೇರೆಯೇ ತೊಡಕು ಎಂಬುದನ್ನು ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ 1937ರ ತನ್ನ ಪುಸ್ತಕದಲ್ಲಿ ಬಿಡಿಸಿ ಹೇಳಿದ.

ಬರೆಯಲಾರದವರಿಗೆ ಯಂತ್ರ ಕೊಡುವುದು ಕಂಪ್ಯೂಟರಿನ ಕಾಲದ ಕಲ್ಪನೆಯೆಂದು ತಿಳಿದಿದ್ದರೆ ಅದೂ ತಪ್ಪು. ಬೆರಳಚ್ಚು ಯಂತ್ರದ ಹುಟ್ಟಿನಲ್ಲೇ ಅದು ಇದೆ. 1808ರ ಸುಮಾರಿಗೆ ಇಟಲಿಯ ಪೆಲ್ಲೆಗ್ರಿನೋ ತುರ್ರಿ ಎಂಬಾತ ಕುರುಡಳಾಗಿದ್ದ ತನ್ನ ಸ್ನೇಹಿತೆ ಕರೋಲಿನಾ ಫಂತೋನಿಗಾಗಿ ಅಕ್ಷರ ಒತ್ತುವ ಯಂತ್ರವೊಂದನ್ನು ಮಾಡಿಕೊಟ್ಟ. ಯಂತ್ರ ಉಳಿದಿಲ್ಲ, ಆಕೆ ಅದರಲ್ಲಿ ಒತ್ತಿದ ಪತ್ರಗಳು ಉಳಿದಿವೆ. ರೆಮಿಂಗ್ಟನ್ ಕಂಪೆನಿ ಕಚೇರಿಗಳಿಗೆಂದು ಯಂತ್ರಗಳನ್ನು ಮಾರಲು ಆರಂಭಿಸಿದ್ದು ಅದಕ್ಕೆ ಅರುವತ್ತಕ್ಕೂ ಹೆಚ್ಚು ವರ್ಷಗಳ ಅನಂತರ. ಮೊದಲು ಅಗತ್ಯವಿದ್ದವರಿಗೆ, ಆಮೇಲೆ ಅವಸರವಿದ್ದವರಿಗೆ.

ಕನ್ನಡಕ್ಕೆ ಬೆರಳಚ್ಚಿನ ಕೀಲಿಮಣೆಯನ್ನು ಹೊಂದಿಸಿಕೊಟ್ಟವರು ಕೆ. ಅನಂತಸುಬ್ಬರಾಯರು. ಸರ್ಕಾರದ ಕನ್ನಡ ಅದರ ಮೇಲೆ ನಡೆಯಿತು. ಆದರೆ ಆ ಯಂತ್ರ ಅಕ್ಷರದ ಆಕಾರವನ್ನು ತುಂಡುತುಂಡಾಗಿ ಒತ್ತುತ್ತಿತ್ತು. ಯಾವ ತುಂಡು ಎಲ್ಲಿ ಎಂಬುದನ್ನು ಬೆರಳಚ್ಚುಗಾರನೇ ನೋಡಿಕೊಳ್ಳಬೇಕಿತ್ತು. ನಮ್ಮ ಹುಡುಗನಿಗೆ ಅದನ್ನು ಕೊಟ್ಟಿದ್ದರೆ ಕಷ್ಟ ಕೈಯಿಂದ ಕಣ್ಣಿಗೆ ವರ್ಗವಾಗುತ್ತಿತ್ತು ಅಷ್ಟೆ. ನಿಜವಾದ ತಿರುವು ಕೆ. ಪಿ. ರಾವ್ ಅವರದು. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಸಮಸ್ತ ಅಕ್ಷರಗಳನ್ನೂ ಇಪ್ಪತ್ತಾರು ಕೀಲಿಗಳಲ್ಲಿ, ಉಚ್ಚಾರದ ಕ್ರಮದಲ್ಲಿ, ಹೊಂದಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ತಂತ್ರಾಂಶವನ್ನು ಬಿಟ್ಟಿಯಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಅದೇ ಕೀಲಿಮಣೆಯ ವಿನ್ಯಾಸವನ್ನು ಅನುಸರಿಸಿತು, ಸರ್ಕಾರವೂ ಒಪ್ಪಿತು. ಈ ಕ್ರಮದಲ್ಲಿ 'ಸೂರ್ಯ' ಎನ್ನುವವನು ನಾಲಿಗೆಯಲ್ಲಿ ಬಂದಂತೆ ಒತ್ತಿದರೆ ಸಾಕು. ಅರ್ಕಾವೊತ್ತನ್ನು ಅದರ ಜಾಗದಲ್ಲಿ ಕೂರಿಸುವುದು ಯಂತ್ರದ ಕೆಲಸ. 'ಸ್ತ್ರೀ'ಯ ಏರಿಳಿತಗಳೆಲ್ಲ ಯಂತ್ರಕ್ಕೇ. ಕಾಗುಣಿತ ಮಾತ್ರ ಹುಡು­ಗನದೇ: ಹ್ರಸ್ವವೋ ದೀರ್ಘವೋ, ಅಲ್ಪಪ್ರಾಣವೋ ಮಹಾಪ್ರಾಣವೋ ಎಂಬುದನ್ನು ಅವನೇ ತಿಳಿದು ಒತ್ತಬೇಕು. ಆದುದರಿಂದ ಯಂತ್ರವೇ ಎಲ್ಲವನ್ನೂ ಮಾಡಿಬಿಡುತ್ತದೆ ಎಂಬ ದೂರಿನಲ್ಲಿ ಹುರುಳಿಲ್ಲ. ಅದು ರೂವಾರಿಯ ಕೆಲಸ ಮಾಡುತ್ತದೆ. ಜನ್ನನ ಕೆಲಸವನ್ನು ಹುಡುಗನೇ ಮಾಡಬೇಕು.

ಈ ವಿಷಯದಲ್ಲಿ ಮೂಡಿಗೆರೆಗೆ ಒಂದು ಹಕ್ಕೂ ಉಂಟು. 2007ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ಸಮರ್ಥವಾಗಿ ನಿಲ್ಲದಿದ್ದರೆ ಭಾಷೆಗೇ ಉಳಿಗಾಲವಿಲ್ಲವೆಂದು ಹಟ ಹಿಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಅವರ ಹೆಸರಿನ ಪ್ರತಿಷ್ಠಾನ ಇರುವುದು ಕೊಟ್ಟಿಗೆಹಾರದಲ್ಲಿ, ಹುಡುಗನ ಮನೆಗೆ ಕೂಗಳತೆಗಿಂತ ಸ್ವಲ್ಪ ಹೆಚ್ಚು ದೂರ.

ಇನ್ನು ಕಾನೂನು. 1995ರ ಅಂಗವಿಕಲರ ಕಾಯಿದೆ ಏಳು ಬಗೆಯ ನ್ಯೂನತೆಗಳನ್ನು ಹೆಸರಿಸಿತ್ತು. ಕಲಿಕೆಯ ತೊಡಕುಗಳು ಅದರಲ್ಲಿರಲಿಲ್ಲ. ಹಿರಿಯ ಗೌಡರ ಮಾತು ಹಾಗಿರಲಿ, ಆ ಕಾಯಿದೆಯ ಕಾಲಕ್ಕೆ ಈ ಹುಡುಗ ಹುಟ್ಟಿದ್ದರೂ ಸರ್ಕಾರದ ಲೆಕ್ಕದಲ್ಲಿ ಅವನು ಸೋಮಾರಿಯೇ. 2016ರ ಕಾಯಿದೆ ಈ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿತು; ಡಿಸ್ಗ್ರಾಫಿಯಾ ಅದರಲ್ಲಿ ಹೆಸರು ಹಿಡಿದು ಸೇರಿತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಭಾಷಾ ವಿಷಯಗಳಲ್ಲಿ ವಿನಾಯಿತಿ ಮುಂತಾದ ಸೌಲಭ್ಯಗಳನ್ನು ಕಾಯಿದೆಯೇ ಹೇಳಿತು. ಆದರೂ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ಕೈಸೆಳೆತದ ದೆಸೆಯಿಂದ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಸಹಾಯಕನನ್ನು ಕೇಳಿದಾಗ, ನ್ಯೂನತೆ ನಿಗದಿಯಾದ ಪ್ರಮಾಣ ಮುಟ್ಟಿಲ್ಲವೆಂದು ನಿರಾಕರಣೆಯೇ ಬಂದಿತು. ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 2021ರ ಫೆಬ್ರವರಿ 11ರಂದು ತೀರ್ಪು ಅವರ ಪರವಾಗಿ ಬಂದಿತು. ಸಹಾಯಕನ ಸೌಲಭ್ಯವನ್ನು ಶೇಕಡಾ 40ರ ಗೆರೆಗೆ ಕಟ್ಟಿಹಾಕಬಾರದೆಂದು ನ್ಯಾಯಾಲಯ ಹೇಳಿತು.

ಆದರೆ ಸಹಾಯಕನೆಂದರೆ ಮತ್ತೆ ಗಣಪತಿಯೇ. ನಮ್ಮ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೆಳತರಗತಿಯ ವಿದ್ಯಾರ್ಥಿಯನ್ನು ಬರೆಯಲು ಕೂರಿಸುತ್ತಾರೆ. ಹದಿಮೂರು ವರ್ಷದ ಹುಡುಗನಿಗೆ ತನಗಿಂತ ಚಿಕ್ಕವನ ಮುಂದೆ ಕೂತು ಹೇಳಿ ಬರೆಯಿಸುವ ಸಂಕೋಚ ದೊಡ್ಡದು. "ಅವನು ಬರೆದ ತಪ್ಪೂ ನನ್ನದಾಗುತ್ತದೆ, ಸರಿಯೂ ನನ್ನದಾಗುತ್ತದೆ" ಎಂದ ನಮ್ಮ ಹುಡುಗ. ಲ್ಯಾಪ್‌ಟಾಪ್ ಆದರೆ ಸರಿತಪ್ಪುಗಳೆರಡೂ ಸ್ವಂತದವು. ಸಿ.ಬಿ.ಎಸ್.ಇ. ಮಂಡಳಿ 2018ರಿಂದ ವಿಶೇಷ ಅಗತ್ಯದ ಮಕ್ಕಳಿಗೆ ಉತ್ತರಗಳನ್ನು ಕಂಪ್ಯೂಟರಿನಲ್ಲಿ ಒತ್ತಲು ಅವಕಾಶ ಕೊಟ್ಟಿದೆ. ಯಂತ್ರವನ್ನು ಮೊದಲು ಪರಿಶೀಲಿಸಬೇಕು, ಅಂತರಜಾಲ ಇರಬಾರದು ಎಂಬ ನಿಬಂಧನೆಗಳೊಡನೆ.

ಶಾಲೆಯ ಉಪಾಧ್ಯಾಯರನ್ನು ಖಳನಾಯಕರನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಮರುದಿನ ಅವರಲ್ಲೊಬ್ಬರು ಕೊಡೆ ಮಡಿಸಿಕೊಂಡು ಜಗಲಿಗೆ ಬಂದು ಕೂತಾಗ ಅವರ ಮಾತಿನಲ್ಲೂ ಸತ್ಯವಿತ್ತು. ಸಣ್ಣ ಮಕ್ಕಳಿಗೆ ಕೈಯಲ್ಲಿ ತಿದ್ದುವುದರಿಂದಲೇ ಅಕ್ಷರ ನಾಟುವುದು. ಎಲ್ಲ ಮಕ್ಕಳ ಕೈಯಿಂದಲೂ ಪೆನ್ಸಿಲು ಕಿತ್ತುಕೊಂಡರೆ ಹಾನಿಯೇ. ಅಕ್ಷರ ಕೆಟ್ಟದಾಗಿರುವವರೆಲ್ಲ ಡಿಸ್ಗ್ರಾಫಿಯಾದವರಲ್ಲ. ಬಹಳ ಮಂದಿಗೆ ಬೇಕಾದದ್ದು ಅಭ್ಯಾಸ, ಕೆಲವರಿಗೆ ದಪ್ಪನೆಯ ಪೆನ್ಸಿಲು, ಬೆಂಚಿನ ಎತ್ತರದ ಸರಿಪಾಟು. ಯಾರು ಯಾರೆಂದು ಗುರುತಿಸಲು ತಿಳಿದವರು ಬೇಕು. ಬೆಂಗಳೂರಿನ ನಿಮ್ಹಾನ್ಸಿಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಮಗುವನ್ನು ಕರೆದುಕೊಂಡು ಹೋಗುವ ಶಕ್ತಿ ತೋಟದ ಲೈನುಮನೆಗಳಲ್ಲಿ ವಾಸಿಸುವ ಆಳುಗಳಿಗೆ ಎಲ್ಲಿದೆ? "ಇವನಿಗೆ ತಂದೆ ಲ್ಯಾಪ್‌ಟಾಪ್ ತಂದರು. ಮೂರನೆಯ ಬೆಂಚಿನಲ್ಲಿ ಇವನಂಥವನೇ ಇನ್ನೊಬ್ಬ ಇದ್ದಾನೆ. ಅವನಿಗೆ ಏನು ಹೇಳಲಿ?" ಎಂದು ಅವರು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಮಳೆಗಾಲದಲ್ಲಿ ಕರೆಂಟಿಲ್ಲದಿರುವ ಮಾತನ್ನೂ ಅವರು ಎತ್ತಿದರು. ಅದಕ್ಕೆ ಉತ್ತರವನ್ನು ಹುಡುಗನ ಅಜ್ಜಿಯೇ ಕೊಟ್ಟರು: ಮಳೆಗೆ ಕಾಗದವೂ ಹಪ್ಪಳದ ಹಾಗೆ ಮೆತ್ತಗಾಗಿ ಶಾಯಿ ಹರಡುತ್ತದಲ್ಲ!

ಕೊನೆಗೆ ಒಂದು ಒಪ್ಪಂದವಾಯಿತು. ಸಮಾಜ ಪಾಠ ಮತ್ತು ಕನ್ನಡ ಪ್ರಬಂಧಗಳನ್ನು ಹುಡುಗ ತರಗತಿಯಲ್ಲಿ ಲ್ಯಾಪ್‌ಟಾಪಿನಲ್ಲಿ ಬರೆಯುವುದು. ಗಣಿತವೂ ಚಿತ್ರಗಳೂ ಕೈಯಲ್ಲೇ. ದಿನಕ್ಕೆ ಐದು ಸಾಲು, ಹೆಚ್ಚಿಲ್ಲ, ಕೈಬರಹ. ಅಂತರಜಾಲ ಬಂದ್. ಬೇರೆ ಹುಡುಗರಿಗೆ ಕಾರಣವನ್ನು ಉಪಾಧ್ಯಾಯರೇ ತಿಳಿಸುವುದು. ಮೂರನೆಯ ಬೆಂಚಿನ ಹುಡುಗನೂ ವಾರದಲ್ಲಿ ಎರಡು ದಿನ ಅದೇ ಯಂತ್ರದಲ್ಲಿ ಅಭ್ಯಾಸ ಮಾಡಲಿ ಎಂದು ಸ್ನೇಹಿತರು ತಾವಾಗಿಯೇ ಸೇರಿಸಿದರು. ಎಸ್.ಎಸ್.ಎಲ್.ಸಿ. ಇನ್ನೂ ಎರಡು ವರ್ಷ ದೂರವಿದೆ. ಅಷ್ಟರೊಳಗೆ ಪ್ರಮಾಣಪತ್ರ ಸಿಗಬೇಕು, ಮಂಡಳಿಗೆ ಅರ್ಜಿ ಹೋಗಬೇಕು. ಅಲ್ಲಿ ಏನು ಹೇಳುತ್ತಾರೋ.

ನಾನು ಹೊರಡುವ ಹಿಂದಿನ ಸಂಜೆ ಹುಡುಗ ಯಂತ್ರವನ್ನು ಬಿಚ್ಚಿ ತೋರಿಸಿದ. ಪರದೆಯ ಮೇಲ್ಗಡೆ ಎಡತುದಿಯಲ್ಲಿ ಕನ್ನಡದಲ್ಲಿ ಒಂದು ಪದ ಇತ್ತು: 'ಕಡತ'. ಅದು ಹಿಂದೆ ಏನಾಗಿತ್ತೆಂದು ಹೇಳಿದೆ. ಹುಣಿಸೆ ಬೀಜದ ಸರಿ ಎಂದಾಗ ನಕ್ಕ.

ಹಿರಿಯ ಗೌಡರು ಮೊದಲು ದೂರದಿಂದಲೇ ನೋಡುತ್ತಿದ್ದರು. ಆಮೇಲೆ ಕಂಬಳಿಯನ್ನು ಸರಿಸಿಕೊಂಡು ಮೊಮ್ಮಗನ ಪಕ್ಕದ ಕುರ್ಚಿಗೆ ಬಂದರು. ಕಳಸದಲ್ಲಿರುವ ತಂಗಿಗೆ ಒಂದು ಕಾಗದ ಬರೆಯಬೇಕಿತ್ತಂತೆ. ಫೋನಿನಲ್ಲಿ ಎಲ್ಲವನ್ನೂ ಹೇಳಲಾಗುವುದಿಲ್ಲ ಎಂದರು.

"ಹೇಳಿ ಅಜ್ಜಯ್ಯ" ಎಂದ ಹುಡುಗ.

ಗೌಡರು ಗಂಟಲು ಸರಿಮಾಡಿಕೊಂಡು 'ಚಿರಂಜೀವಿ ಸೌಭಾಗ್ಯವತಿ' ಎಂದು ಆರಂಭಿಸಿದರು. ಕರೆಂಟು ಹೋಯಿತು. ಪರದೆಯ ಬೆಳಕಿನಲ್ಲಿ ಹುಡುಗ ಒತ್ತುತ್ತಲೇ ಇದ್ದ.